ಸಾಲದ ಜೊತೆ ಕಟ್ಟಿಸಿಕೊಂಡ ವಿಮೆ: ಆ 52,000 ವಾಪಸ್ ಬರುತ್ತದಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಕುಮಟಾ ಹತ್ತಿರದ ಹಳ್ಳಿ. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮ ಯಜಮಾನರದ್ದು ಒಂದು ಟೆಂಪೊ ಇದೆ. ಹಳೇ ಹಂಚಿನ ಮನೆ ಮಳೆಗೆ ಸೋರುತ್ತಿತ್ತು. ಅದನ್ನು ಕೆಡವಿ ಚಿರೇಕಲ್ಲಿನ ಮನೆ ಕಟ್ಟಲು ಒಂದು ಬ್ಯಾಂಕಿನಲ್ಲಿ 12 ಲಕ್ಷ ಸಾಲ ತೆಗೆದೆವು. 15 ವರ್ಷದ ಸಾಲ, ಬಡ್ಡಿ ಶೇ. 9. ಎರಡೂವರೆ ತಿಂಗಳ ಮೇಲೆ ಸ್ಟೇಟ್‌ಮೆಂಟ್ ತೆಗೆಸಿದರೆ ಸಾಲ 12,52,000 ಅಂತಿದೆ. ಕೇಳಿದ್ದಕ್ಕೆ, 'ಆ 52,000 ಇನ್ಶೂರೆನ್ಸ್. ನೀವೇ ಸಹಿ ಮಾಡಿದ್ದೀರಲ್ಲ' ಅಂದರು. ಸಹಿ ಹಾಕಿದ ದಿನ, 'ಇದಿಲ್ಲದೆ ಸಾಲ ಪಾಸಾಗಲ್ಲ, ಆರ್‌ಬಿಐ ರೂಲು' ಅಂದಿದ್ದರು. ಪಾಲಿಸಿ ಕಾಗದ ಕೈಗೆ ಬಂದೇ ಇರಲಿಲ್ಲ. ಜೋರು ಮಾಡಿದ ಮೇಲೆ ಹೋದ ವಾರ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದರು. ಅದರಲ್ಲಿ ಯಜಮಾನರ ಹೆಸರು ಮಾತ್ರ ಇದೆ, ಅವಧಿ 5 ವರ್ಷ. ಅವರಿಗೆ 44 ವರ್ಷ. ಆರು ವರ್ಷದಿಂದ ಶುಗರ್ ಇದೆ. ಅದನ್ನು ಯಾರೂ ಕೇಳಲಿಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮ ಅಣ್ಣನ ಮಗ, 'ಇಲ್ಲಿ ಬ್ಯಾಂಕುಗಳು ಇಂಥ ಹಣ ಎಲ್ಲಾ ವಾಪಸ್ ಕೊಟ್ಟವು' ಅನ್ನುತ್ತಾನೆ. ಯಾರೋ ಒಬ್ಬರು ಫೋನ್ ಮಾಡಿ, 30 ಪರ್ಸೆಂಟ್ ಕೊಟ್ಟರೆ ಹಣ ತೆಗೆಸಿಕೊಡುತ್ತೇನೆ ಅಂದರು. ನಾವು ಏನು ಮಾಡಬೇಕು? ಹಣ ಬರುವ ತನಕ ಕಂತು ನಿಲ್ಲಿಸಬಹುದಾ? ಅದೇ ಬ್ರಾಂಚಿನಲ್ಲಿ ನಮ್ಮ ಸ್ವಸಹಾಯ ಸಂಘದ ಖಾತೆ ಇದೆ. ದೂರು ಕೊಟ್ಟರೆ ಅದಕ್ಕೆ ತೊಂದರೆ ಆಗುತ್ತದಾ?

ಉತ್ತರ: ತಂಗಿ, ಮೊದಲು ಕಂತಿನ ವಿಷಯ. ಕಂತು ನಿಲ್ಲಿಸಲೇಬೇಡಿ. ಒಂದು ತಿಂಗಳೂ ಬೇಡ. ವಿಮೆಯ ಜಗಳ ಬೇರೆ, ಸಾಲದ ಕಂತು ಬೇರೆ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ತೋರಿಸುವ ಅಂಕ, ಇಳಿಯುತ್ತದೆ, ದಂಡದ ಶುಲ್ಕ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ನ್ಯಾಯ ಕೇಳುವ ಜಾಗದಲ್ಲಿ ನೀವೇ ಸುಸ್ತಿದಾರರಾಗಿ ನಿಲ್ಲಬೇಕಾಗುತ್ತದೆ. ಫೋನ್ ಮಾಡಿದ 30 ಪರ್ಸೆಂಟಿನವರನ್ನೂ ದೂರ ಇಡಿ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿದ್ದವನು. ಹೊನ್ನಾವರ, ಕಾರವಾರ, ಕೊನೆಗೆ ಶಿರಸಿ. ಸಾಲದ ಕಾಗದಕ್ಕೆ ಸಹಿ ಹಾಕಿಸುವ ಮೇಜಿನ ಆಚೆ ಬದಿಯಲ್ಲಿ ಕೂತಿದ್ದೇನೆ. ಆ ದೃಶ್ಯ ನಿಮಗೂ ನೆನಪಿರಬೇಕು. ದಪ್ಪ ಫೈಲು. ಪ್ರತಿ ಪುಟದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಇಂಟು ಮಾರ್ಕು. ಸಿಬ್ಬಂದಿ ಬೆರಳಿಟ್ಟು 'ಇಲ್ಲಿ, ಇಲ್ಲಿ, ಇಲ್ಲೊಂದು' ಅನ್ನುತ್ತಾ ಪುಟ ತಿರುಗಿಸುತ್ತಾರೆ. ಮನೆ ಕಟ್ಟುವವರ ತಲೆಯಲ್ಲಿ ಮೇಸ್ತ್ರಿಗೆ ಕೊಡಬೇಕಾದ ಅಡ್ವಾನ್ಸು, ಮಳೆಗಾಲಕ್ಕೆ ಮೊದಲು ಸ್ಲ್ಯಾಬು ಬೀಳಬೇಕೆಂಬ ಚಿಂತೆ. ಮೂವತ್ತು ನಲವತ್ತು ಸಹಿಗಳ ನಡುವೆ ವಿಮೆಯ ಅರ್ಜಿ ಒಂದೆರಡು ಪುಟ ಅಷ್ಟೇ. ಅದನ್ನು ಓದಿ ಸಹಿ ಹಾಕಿದವರನ್ನು ನಾನು ನನ್ನ ಇಡೀ ಸೇವೆಯಲ್ಲಿ ಬೆರಳೆಣಿಕೆಯಷ್ಟು ನೋಡಿದ್ದೇನೆ. ಹಾಗಾಗಿ 'ನಾನು ಓದದೆ ಸಹಿ ಹಾಕಿಬಿಟ್ಟೆ' ಅಂತ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಮೇಜು ಓದುವುದಕ್ಕೆ ಅವಕಾಶ ಕೊಡುವುದೇ ಇಲ್ಲ.

ಈಗ ನಿಮಗೆ ಹೇಳಿದ ಮಾತಿಗೆ ಬರೋಣ. 'ವಿಮೆ ಇಲ್ಲದೆ ಸಾಲ ಇಲ್ಲ, ಆರ್‌ಬಿಐ ರೂಲು.' ಇದು ಸುಳ್ಳು. ರೂಲು ಇರುವುದು ಇದಕ್ಕೆ ಪೂರ್ತಿ ಉಲ್ಟಾ. ಬ್ಯಾಂಕುಗಳು ಇನ್ನೊಂದು ಕಂಪನಿಯ ವಿಮೆ ಮಾರುವಾಗ ಹೇಗೆ ನಡೆದುಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕ್ 2016ರ ನಿರ್ದೇಶನದಲ್ಲೇ ಬರೆದಿಟ್ಟಿದೆ. ಒಂದು ಕಂಪನಿಯ ವಿಮೆಯನ್ನೇ ತಗೊಳ್ಳಿ ಅಂತ ಗ್ರಾಹಕರನ್ನು ಒತ್ತಾಯಿಸುವಂತಿಲ್ಲ. ಬ್ಯಾಂಕಿನ ಬೇರೆ ಸೇವೆಗೆ ವಿಮೆಯನ್ನು ಗಂಟು ಹಾಕುವಂತಿಲ್ಲ. ವಿಮೆ ತಗೊಳ್ಳೋದು ಬಿಡೋದು ಗ್ರಾಹಕರ ಇಷ್ಟ ಅಂತ ಪ್ರಚಾರದ ಕಾಗದದಲ್ಲೂ ಎದ್ದು ಕಾಣುವಂತೆ ಹಾಕಬೇಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಮನೆಯ ವಿಮೆ ಬೇರೆ, ಸಾಲಗಾರರ ಜೀವ ವಿಮೆ ಬೇರೆ. ಬ್ಯಾಂಕಿಗೆ ಅಡವಿಟ್ಟ ಮನೆಗೆ ವಿಮೆ ಇರಲಿ ಅಂತ ಬ್ಯಾಂಕು ಕೇಳುವುದು ಸಾಲದ ಕರಾರಿನಲ್ಲೇ ಇರುತ್ತದೆ. ಅದು ತಪ್ಪಲ್ಲ. ಆದರೆ ಯಾವ ಕಂಪನಿಯಿಂದ ಅನ್ನುವ ಆಯ್ಕೆ ನಿಮ್ಮದು. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ಮಾದರಿಯ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತಿವೆ. ಬೆಂಕಿಯಷ್ಟೇ ಅಲ್ಲ, ನೆರೆ, ಬಿರುಗಾಳಿ, ಗುಡ್ಡ ಕುಸಿತ ಎಲ್ಲಾ ಅದರಲ್ಲಿ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದ್ದನ್ನು ನಾವೆಲ್ಲ ನೋಡಿದ್ದೇವೆ. 2019ರಲ್ಲಿ ಗಂಗಾವಳಿ ಉಕ್ಕಿದ್ದನ್ನೂ ನೋಡಿದ್ದೇವೆ. ಗುಡ್ಡದ ಬುಡದಲ್ಲೋ ಹೊಳೆಯ ಅಂಚಿನಲ್ಲೋ ಮನೆ ಇದ್ದರೆ ಇದು ಬೇಕೇ ಬೇಕು ಅಂತ ನಾನೇ ಹೇಳುತ್ತೇನೆ. ನಿಮ್ಮ 52,000ದಲ್ಲಿ ಇದರ ಭಾಗ ಏನಾದರೂ ಸೇರಿದೆಯಾ ನೋಡಿ. ಸೇರಿದ್ದರೆ ಅದನ್ನು ಮುಟ್ಟಬೇಡಿ.

ಶಿರಸಿ, ಸಿದ್ದಾಪುರ ಕಡೆಯವರಿಗೆ ಇನ್ನೊಂದು ಮಾತು. ಅಡಿಕೆ, ಕಾಳುಮೆಣಸಿಗೆ ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಇದರ ಜೊತೆ ಸೇರಿಸಬೇಡಿ. ಅದು ಸರ್ಕಾರದ ಯೋಜನೆ. ರೈತರ ಪಾಲು ಶೇ. 5, ಉಳಿದದ್ದು ಸರ್ಕಾರದ್ದು. 2020ರ ಮುಂಗಾರಿನಿಂದ ಬೆಳೆ ಸಾಲ ಇದ್ದವರಿಗೂ ಅದು ಕಡ್ಡಾಯವಲ್ಲ. ಬೇಡ ಅನ್ನುವವರು ಕೊನೆಯ ದಿನಕ್ಕೆ ಏಳು ದಿನ ಮೊದಲು ಬರೆದು ಕೊಡಬೇಕು. ಆ ವಿಮೆಯಿಂದ ತೋಟಿಗರಿಗೆ ಹಣ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹಾಗಾಗಿ ಈ ಸಿಟ್ಟಿನಲ್ಲಿ ಅದನ್ನು ಕೈಬಿಡಬೇಡಿ.

ನಿಮ್ಮ ಕೇಸಿಗೆ ಬರೋಣ. ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಚಿಂತೆಯಾದದ್ದು 52,000 ಅಲ್ಲ. ಆ ಎರಡು ಸಣ್ಣ ವಿವರ: 5 ವರ್ಷ ಮತ್ತು ಶುಗರ್.

ಲೆಕ್ಕ ಹಾಕಿ ನೋಡೋಣ. 12 ಲಕ್ಷಕ್ಕೆ 15 ವರ್ಷ, ಶೇ. 9ರ ಬಡ್ಡಿಯಲ್ಲಿ ಕಂತು ಸುಮಾರು 12,171 ರೂಪಾಯಿ. 12.52 ಲಕ್ಷಕ್ಕೆ 12,699. ತಿಂಗಳಿಗೆ 527 ಜಾಸ್ತಿ. ಸಣ್ಣ ಮೊತ್ತ ಅನ್ನಿಸುತ್ತದೆ, ಅಲ್ವಾ? 180 ತಿಂಗಳಿಗೆ ಅದು ಸುಮಾರು 95,000. ಅಂದರೆ ಪ್ರೀಮಿಯಂ ಅನ್ನು ಸಾಲಕ್ಕೆ ಸೇರಿಸಿದ್ದರಿಂದ 52,000ದ ವಿಮೆಗೆ ನೀವು 95,000 ಕಟ್ಟುತ್ತೀರಿ. ಇನ್ನು ರಕ್ಷಣೆ ಎಷ್ಟು ದಿನ? ಐದೇ ವರ್ಷ. ಐದು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದರೂ ನಿಮ್ಮ ಸಾಲ ಇನ್ನೂ 10 ಲಕ್ಷದ ಮೇಲೆಯೇ ಇರುತ್ತದೆ. ಮೊದಲ ವರ್ಷಗಳಲ್ಲಿ ಕಂತಿನ ಹೆಚ್ಚಿನ ಪಾಲು ಬಡ್ಡಿಗೇ ಹೋಗುತ್ತದೆ, ಅದಕ್ಕೆ ಹೀಗೆ. ಆ ದಿನ ವಿಮೆ ಮುಗಿಯುತ್ತದೆ. ಮುಗಿದ ವಿಮೆಗೆ ಇನ್ನೂ ಹತ್ತು ವರ್ಷ ಬಡ್ಡಿ ಸಮೇತ ಹಣ ಕಟ್ಟುತ್ತಾ ಇರುತ್ತೀರಿ.

ಎರಡನೆಯದು ಶುಗರ್. ಇಂಥ ವಿಮೆಯ ಅರ್ಜಿಯಲ್ಲಿ 'ನಾನು ಆರೋಗ್ಯವಾಗಿದ್ದೇನೆ, ನನಗೆ ಈ ಕೆಳಗಿನ ಯಾವ ಕಾಯಿಲೆಯೂ ಇಲ್ಲ' ಅನ್ನುವ ಘೋಷಣೆ ಇರುತ್ತದೆ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದ್ದೇ ಇರುತ್ತದೆ. 'ಇಲ್ಲ' ಅನ್ನುವ ಜಾಗದಲ್ಲಿ ಸಿಬ್ಬಂದಿಯೇ ಟಿಕ್ ಹಾಕಿರುತ್ತಾರೆ. ಕೆಳಗೆ ನಿಮ್ಮ ಯಜಮಾನರ ಸಹಿ. ಹಾಗಾಗಬಾರದು, ಆದರೂ ನಾಳೆ ಅವರಿಗೆ ಏನಾದರೂ ಹೆಚ್ಚು ಕಮ್ಮಿ ಆಯಿತು ಅಂತಿಟ್ಟುಕೊಳ್ಳಿ. ಕಂಪನಿ ಆಸ್ಪತ್ರೆಯ ಹಳೇ ಚೀಟಿ ತರಿಸುತ್ತದೆ. ಆರು ವರ್ಷದ ಶುಗರ್ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮು ತಳ್ಳಿಹಾಕಲು ನೋಡುತ್ತದೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ದಾಟಿದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ, ನಿಜ. ಆದರೆ ಆ ಮೂರು ವರ್ಷ ದೇವರ ಮೇಲೆ ಭಾರ ಹಾಕಿ ಕೂರೋದಾ?

ವಿಮೆಯೇ ಮೋಸ ಅಂತ ನಾನು ಹೇಳುತ್ತಿಲ್ಲ. ಹೊನ್ನಾವರದಲ್ಲಿದ್ದಾಗ ಬೋಟಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಎದೆನೋವು ಬಂದು ತೀರಿಕೊಂಡರು. ಮನೆ ಸಾಲ ತೆಗೆದು ಒಂದೂವರೆ ವರ್ಷ ಆಗಿತ್ತು. ಅವರ ಹೆಂಡತಿ ಕಪ್ಪು ಕೊಡೆ ಹಿಡಿದು ಬ್ರಾಂಚಿಗೆ ಬಂದು, ಇನ್ನು ಮೇಲೆ ಕಂತು ಕಟ್ಟಲು ಆಗಲ್ಲ, ಮನೆ ಯಾವಾಗ ಬಿಡಬೇಕು ಅಂತ ಕೇಳಿದರು. ಫೈಲು ತೆಗೆದು ನೋಡಿದರೆ ಪೂರ್ತಿ ಅವಧಿಯ ವಿಮೆ ಇತ್ತು. ಆರೋಗ್ಯದ ವಿವರ ಸರಿಯಾಗಿ ತುಂಬಿತ್ತು. ಎರಡು ತಿಂಗಳಲ್ಲಿ ಸಾಲ ಚುಕ್ತಾ ಆಯಿತು. ಮನೆಯ ಪತ್ರ ಅವರ ಕೈಗೆ ಕೊಟ್ಟಾಗ ಆ ತಾಯಿ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡರು. ಅದನ್ನು ನೋಡಿದ ಮೇಲೆ 'ಸಾಲಕ್ಕೆ ವಿಮೆ ಬೇಡವೇ ಬೇಡ' ಅಂತ ನಾನು ಯಾರಿಗೂ ಹೇಳಿಲ್ಲ. ಅದಕ್ಕೇ ನಿಮ್ಮನ್ನು ಕೇಳುವುದು ಇಷ್ಟೇ: ಬೇಕಾದ ದಿನ ಈ ಕಾಗದ ನಿಮ್ಮ ಕೈ ಹಿಡಿಯುತ್ತದಾ? ನೀವು ಬರೆದ ಪ್ರಕಾರ ಇದು ಹಿಡಿಯುವ ಹಾಗಿಲ್ಲ.

ಹಾಗಾದರೆ ಬ್ಯಾಂಕಿನವರು ಯಾಕೆ ಹೀಗೆ ಮಾಡುತ್ತಾರೆ? ವಿಮೆ ಮಾರಿದರೆ ಬ್ಯಾಂಕಿಗೆ ಕಮಿಷನ್ ಬರುತ್ತದೆ. ಬ್ರಾಂಚಿಗೆ ಟಾರ್ಗೆಟ್ ಇರುತ್ತದೆ. ಮಾರ್ಚ್ ಬಂದರೆ ದಿನಕ್ಕೆ ಎರಡು ಸಲ ಮೇಲಿನಿಂದ ಫೋನು. ಕಂತು ದೊಡ್ಡದಾಗಿ ಕಾಣಬಾರದು, ಪ್ರೀಮಿಯಮ್ಮೂ ಬರಬೇಕು. ಹಾಗಾಗಿ 15 ವರ್ಷದ ಬದಲು 5 ವರ್ಷದ ರಕ್ಷಣೆ ಹಾಕಿ, ಆ ಹಣವನ್ನು ಸಾಲದೊಳಗೇ ತುರುಕುವುದು. ಡಾಕ್ಟರ್ ತಪಾಸಣೆ ಮಾಡಿಸಿದರೆ ವಾರ ಹಿಡಿಯುತ್ತದೆ, ಹಾಗಾಗಿ ಬರೀ ಘೋಷಣೆಯಲ್ಲೇ ಮುಗಿಸುವುದು. ಮೇಜಿನ ಆಚೆ ಕೂತ ಹುಡುಗ ಕೆಟ್ಟವನಿರಲಿಕ್ಕಿಲ್ಲ. ಆದರೆ ಅವನ ಮೇಲಿನ ಒತ್ತಡದ ಬೆಲೆಯನ್ನು ನೀವು ಯಾಕೆ ಕಟ್ಟಬೇಕು? ಇಂಥ ಟಾರ್ಗೆಟ್ ಮೀಟಿಂಗುಗಳಲ್ಲಿ ನಾನೂ ಸುಮ್ಮನೆ ಕೂತಿದ್ದೆ. ಅದು ನನಗೆ ಇವತ್ತಿಗೂ ನೋವಿನ ವಿಷಯ. ನಿವೃತ್ತಿಯಾದ ಮೇಲೆ ಇಂಥ ಕಾಗದ ಬರೆದುಕೊಡುವ ಕೆಲಸಕ್ಕೆ ಕೂತದ್ದು ಅದಕ್ಕೇ.

ನಿಮ್ಮ ಅಣ್ಣನ ಮಗ ಹೇಳಿದ್ದು ನಿಜ. ಬ್ರಿಟನ್ನಿನಲ್ಲಿ ಸಾಲದ ಜೊತೆ ಪಿಪಿಐ ಅನ್ನುವ ವಿಮೆಯನ್ನು ವರ್ಷಗಟ್ಟಲೆ ಹೀಗೇ ಮಾರಿದ್ದರು. ಕ್ಲೇಮು ಮಾಡಲು ಅರ್ಹತೆಯೇ ಇಲ್ಲದವರಿಗೂ ಕಟ್ಟಿದ್ದರು. 2011ರಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಬ್ಯಾಂಕುಗಳು ಸೋತವು. ಆಮೇಲೆ 38 ಶತಕೋಟಿ ಪೌಂಡಿಗೂ ಹೆಚ್ಚು ಹಣ ಜನರಿಗೆ ವಾಪಸ್ ಹೋಯಿತು. ದೂರು ಕೊಡಲು ಕೊನೆಯ ದಿನ 2019ರ ಆಗಸ್ಟ್ 29 ಅಂತ ಅಲ್ಲಿನ ನಿಯಂತ್ರಕರೇ ಗೊತ್ತು ಮಾಡಿದ್ದರು. ಆದರೆ ನಮ್ಮಲ್ಲಿ ಅಂಥ ಒಟ್ಟಾರೆ ವಾಪಸಾತಿಯ ವ್ಯವಸ್ಥೆ ಇಲ್ಲ. 'ಎಲ್ಲಾ ಸಾಲದ ವಿಮೆ ಹಣ ಬಡ್ಡಿ ಸಮೇತ ವಾಪಸ್' ಅಂತ ಮೊಬೈಲಿನಲ್ಲಿ ಓಡಾಡುವ ವಿಡಿಯೊಗಳನ್ನು ನಂಬಬೇಡಿ. ಇಲ್ಲಿ ಒಂದೊಂದು ಫೈಲೂ ಒಂದೊಂದು ಕೇಸು. ನಿಮ್ಮ ಕಾಗದ ಗಟ್ಟಿ ಇದ್ದರೆ ಗೆಲ್ಲುತ್ತೀರಿ.

ಬ್ರಿಟನ್ನಿನಿಂದ ಇನ್ನೊಂದು ಕಲಿಯಬೇಕಾದ್ದಿದೆ. ಅಲ್ಲಿ ಕೂಡ ಉಚಿತವಾಗಿ ಆಗುವ ಕೆಲಸಕ್ಕೆ ಮಧ್ಯದ ಕಂಪನಿಗಳು ಹುಟ್ಟಿಕೊಂಡು ಜನರ ಪರಿಹಾರದಲ್ಲಿ ದೊಡ್ಡ ಪಾಲು ಹೊಡೆದವು. ನಿಮಗೆ ಬಂದ ಫೋನು ಅದೇ ಜಾತಿಯದ್ದು, ಅಥವಾ ಅದಕ್ಕಿಂತ ಕೆಟ್ಟದ್ದು. ಕೆಲವರು ವಿಮಾ ನಿಯಂತ್ರಣ ಪ್ರಾಧಿಕಾರದಿಂದ, ಅಂದರೆ ಐಆರ್‌ಡಿಎಐನಿಂದ ಮಾತಾಡುತ್ತಿದ್ದೇವೆ ಅಂತಲೂ ಹೇಳುತ್ತಾರೆ. ಆ ಪ್ರಾಧಿಕಾರ ಯಾರಿಗೂ ಹೀಗೆ ಫೋನ್ ಮಾಡಿ ಹಣ ಬಿಡಿಸಿಕೊಡುತ್ತೇನೆ ಅನ್ನುವುದಿಲ್ಲ. ಓಟಿಪಿ, ಆಧಾರ್, ಪಾಲಿಸಿ ನಂಬರ್ ಏನನ್ನೂ ಕೊಡಬೇಡಿ.

ಈಗ ದಾರಿಗಳು. ನಿಮಗೆ ಎಲ್ಲಕ್ಕಿಂತ ಹತ್ತಿರದ ದಾರಿ ಫ್ರೀ ಲುಕ್. ಪಾಲಿಸಿ ಕಾಗದ ಕೈಗೆ ಸಿಕ್ಕಿ 30 ದಿನದೊಳಗೆ 'ಇದು ನನಗೆ ಒಪ್ಪಿಗೆ ಇಲ್ಲ' ಅಂತ ವಾಪಸ್ ಮಾಡುವ ಹಕ್ಕು ಅದು. ಬ್ಯಾಂಕಿನ ಮೂಲಕ ಬರುವ ಗುಂಪು ವಿಮೆಯ ಸರ್ಟಿಫಿಕೇಟುಗಳಲ್ಲೂ ಸಾಮಾನ್ಯವಾಗಿ ಈ ಕಲಂ ಇರುತ್ತದೆ. ನಿಮ್ಮ ಪಿಡಿಎಫ್‌ನಲ್ಲಿ ಹುಡುಕಿ. ಇಲ್ಲಿ ಗಮನಿಸಬೇಕಾದ್ದು, 30 ದಿನ ಎಣಿಸುವುದು ಸಾಲ ಕೊಟ್ಟ ದಿನದಿಂದ ಅಲ್ಲ, ಪ್ರೀಮಿಯಂ ಕಡಿದ ದಿನದಿಂದಲೂ ಅಲ್ಲ. ಕಾಗದ ನಿಮಗೆ ತಲುಪಿದ ದಿನದಿಂದ. ನಿಮಗೆ ಅದು ತಲುಪಿದ್ದು ಹೋದ ವಾರ, ವಾಟ್ಸಾಪಿನಲ್ಲಿ. ಆ ಮೆಸೇಜನ್ನು ಅಳಿಸಬೇಡಿ. ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ.

ಕಂಪನಿಯವರು 'ಎರಡು ತಿಂಗಳ ಹಿಂದೆಯೇ ಇಮೇಲ್ ಮಾಡಿದ್ದೇವೆ' ಅನ್ನಬಹುದು. ಆಗ ಯಾವ ಇಮೇಲಿಗೆ ಅಂತ ಬರೆದು ಕೇಳಿ. ನಾನು ನೋಡಿದ ಎಷ್ಟೋ ಅರ್ಜಿಗಳಲ್ಲಿ ಗ್ರಾಹಕರಿಗೆ ಇಮೇಲ್ ಇಲ್ಲದಿದ್ದರೂ ಆ ಜಾಗದಲ್ಲಿ ಏನೋ ಒಂದು ವಿಳಾಸ ತುಂಬಿರುತ್ತಾರೆ. ಅದು ನಿಮ್ಮದಲ್ಲ ಅಂತಾದರೆ ಕಾಗದ ತಲುಪಿಲ್ಲ ಅಂತಲೇ ಅರ್ಥ. ಫ್ರೀ ಲುಕ್‌ನಲ್ಲಿ ಪೂರ್ತಿ 52,000 ಬರುವುದಿಲ್ಲ. ಇಷ್ಟು ದಿನ ರಕ್ಷಣೆ ಕೊಟ್ಟದ್ದರ ಪಾಲು, ಸ್ಟಾಂಪ್ ಶುಲ್ಕ, ತಪಾಸಣೆ ಮಾಡಿಸಿದ್ದರೆ ಅದರ ಖರ್ಚು ಕಳೆದು ಉಳಿದದ್ದು ಬರುತ್ತದೆ. ಹಣ ಬಹುತೇಕ ಸಾಲದ ಖಾತೆಗೇ ಜಮಾ ಆಗುತ್ತದೆ. ಅದು ಒಳ್ಳೆಯದೇ. ಆದರೆ ಕಂತು ಕಡಿಮೆ ಮಾಡಿಸುತ್ತೀರೋ ಅವಧಿ ಕಡಿಮೆ ಮಾಡಿಸುತ್ತೀರೋ ಅಂತ ಬರೆದು ಕೊಡಿ.

ಇದರಲ್ಲಿ ಒಂದು ಅಪಾಯ ಇದೆ. ರದ್ದಾದ ದಿನದಿಂದ ಯಜಮಾನರಿಗೆ ಈ ವಿಮೆಯ ನೆರಳಿಲ್ಲ. ಟೆಂಪೊ ಓಡಿಸುವವರು, ಶುಗರ್ ಬೇರೆ. ಹಾಗಾಗಿ ಪತ್ರ ಬರೆಯುವ ದಿನವೇ ಇನ್ನೊಂದು ಕೆಲಸ ಮಾಡಿ. ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಪ್ರಧಾನಮಂತ್ರಿ ಜೀವನ್ ಜ್ಯೋತಿಗೆ ಸೇರಿಸಿ. ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವ ವಿಮೆ. 50 ವರ್ಷದೊಳಗಿನವರು ಸೇರಬಹುದು, 55ರ ತನಕ ನಡೆಯುತ್ತದೆ. ಡಾಕ್ಟರ್ ತಪಾಸಣೆ ಬೇಡ. ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ ಸಿಗುತ್ತದೆ, ಅದು ನೆನಪಿರಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷ. ಟೆಂಪೊ ಓಡಿಸುವವರಿಗೆ ಅದನ್ನೂ ಬಿಡಬೇಡಿ. ಇವು 12 ಲಕ್ಷಕ್ಕೆ ಸಾಟಿ ಅಲ್ಲ. ಆಮೇಲೆ ನಿಧಾನವಾಗಿ 15 ವರ್ಷದ ಟರ್ಮ್ ಪಾಲಿಸಿಗೆ, ಅಂದರೆ ಆ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಜೀವ ವಿಮೆಗೆ, ಅರ್ಜಿ ಹಾಕಿ. ಶುಗರ್ ಇದೆ ಅಂತ ಮೊದಲೇ ಬರೆಯಿರಿ. ರಕ್ತ ಪರೀಕ್ಷೆ ಮಾಡಿಸುತ್ತಾರೆ, ಪ್ರೀಮಿಯಂ ಜಾಸ್ತಿ ಬರುತ್ತದೆ. ಆದರೆ ಆ ಪಾಲಿಸಿ ನಿಲ್ಲುತ್ತದೆ. ಸಾಲದಲ್ಲಿ ನೀವೂ ಸಹಿ ಹಾಕಿದ್ದರೆ ನಿಮ್ಮ ದುಡಿಮೆಗೂ ಬೆಲೆ ಇದೆ. ನಿಮ್ಮ ಹೆಸರಿನಲ್ಲೂ ಒಂದು ಇರಲಿ.

ಎರಡನೆಯ ದಾರಿ, ಒತ್ತಾಯದಿಂದ ಮಾರಿದ್ದಾರೆ ಅನ್ನುವ ದೂರು. ಇದು ಫ್ರೀ ಲುಕ್ ಪತ್ರದ ಜೊತೆಯಲ್ಲೇ ನಡೆಯಬಹುದು. ಇಲ್ಲಿ ಎದುರಿಗಿರುವುದು ಇಬ್ಬರು. ಹಣ ಕಡಿದದ್ದು, ಸುಳ್ಳು ಹೇಳಿದ್ದು ಬ್ಯಾಂಕು. ಪಾಲಿಸಿ ಕೊಟ್ಟದ್ದು ವಿಮಾ ಕಂಪನಿ. ಇಬ್ಬರಿಗೂ ಬರೆಯಬೇಕು. ಒಬ್ಬರಿಗೆ ಮಾತ್ರ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ನಿಮ್ಮನ್ನು ಚೆಂಡಿನ ಹಾಗೆ ಓಡಿಸುತ್ತಾರೆ.

ಪತ್ರ ಬರೆಯುವ ಮೊದಲು ಬ್ಯಾಂಕಿನಿಂದ ಮೂರು ಕಾಗದ ಕೇಳಿ. ಒಂದು, ಯಜಮಾನರು ಸಹಿ ಹಾಕಿದ ವಿಮೆ ಅರ್ಜಿಯ ನಕಲು. ಇನ್ನೊಂದು, ಪ್ರೀಮಿಯಂ ಕಟ್ಟಿದ ರಸೀದಿ. ಮೂರನೆಯದು, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. ಈ ಮೂರನೆಯದು ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ. 2024ರ ಅಕ್ಟೋಬರ್ 1ರ ನಂತರ ಮಂಜೂರಾದ ಮನೆ ಸಾಲ, ವಾಹನ ಸಾಲ ಎಲ್ಲಕ್ಕೂ ಬ್ಯಾಂಕು ಇದನ್ನು ಕೊಡಲೇಬೇಕು. ಸಾಲದ ನಿಜವಾದ ಒಟ್ಟು ಖರ್ಚು ವರ್ಷಕ್ಕೆ ಶೇಕಡಾ ಎಷ್ಟು ಅಂತ ಅದರಲ್ಲಿ ಇರಬೇಕು. ಬ್ಯಾಂಕು ವಸೂಲು ಮಾಡುವ ವಿಮೆಯ ಹಣವನ್ನೂ ಆ ಲೆಕ್ಕಕ್ಕೆ ಸೇರಿಸಿ, ಬೇರೆಯಾಗಿ ತೋರಿಸಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು, ವಿವರಿಸಿ ಹೇಳಿ, ಸಹಿ ಪಡೆಯಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ನಿಮ್ಮ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟಿನಲ್ಲಿ 52,000 ಇಲ್ಲವಾದರೆ ಬ್ಯಾಂಕಿನ ವಾದ ಅಲ್ಲೇ ಅರ್ಧ ಬಿದ್ದುಹೋಯಿತು. ಇದೆ ಅಂತಾದರೆ ನಿಮಗೆ ಸ್ವಲ್ಪ ಕಷ್ಟ. ಆದರೂ ಅದು ಬರೀ ಇಂಗ್ಲಿಷಿನಲ್ಲಿದ್ದು ನೀವು ಕನ್ನಡದಲ್ಲಿ ಸಹಿ ಹಾಕಿದ್ದರೆ ಆ ಮಾತನ್ನು ಎತ್ತಬಹುದು.

ವಿಮೆ ಅರ್ಜಿಯ ನಕಲು ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ. ತುಂಬಿದ ಅಕ್ಷರ ಯಾರದ್ದು? ಆರೋಗ್ಯದ ಟಿಕ್‌ಗಳು ಎಲ್ಲಾ ಒಂದೇ ಕೈಯವಾ? ಇಂಥ ಅರ್ಜಿಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಚೌಕ ಇರುತ್ತದೆ: ಅರ್ಜಿದಾರರು ಬೇರೆ ಭಾಷೆಯಲ್ಲಿ ಸಹಿ ಹಾಕಿದ್ದರೆ, ಅವರಿಗೆ ವಿಷಯ ವಿವರಿಸಿದ್ದೇನೆ ಅಂತ ವಿವರಿಸಿದವರು ಬರೆದು ಸಹಿ ಹಾಕಬೇಕು. ನಾನು ನೋಡಿದ ಫೈಲುಗಳಲ್ಲಿ ಆ ಚೌಕ ಖಾಲಿ ಇರುವುದೇ ಜಾಸ್ತಿ. ಖಾಲಿ ಇದ್ದರೆ ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ದೂರಿನ ಜೊತೆ ಲಗತ್ತಿಸಿ.

ಪತ್ರ ಉದ್ದ ಬೇಡ. ಕನ್ನಡದಲ್ಲೇ ಬರೆಯಿರಿ. ಹೀಗೆ ಸಾಕು:

'ನಮ್ಮ ಗೃಹಸಾಲ ಖಾತೆ ಸಂಖ್ಯೆ ಇಂಥದ್ದು. ನಾವು ಕೇಳಿದ ಸಾಲ 12,00,000. ಇಂಥ ದಿನ 52,000 ರೂಪಾಯಿಯನ್ನು ವಿಮೆಗೆಂದು ನಮ್ಮ ಸಾಲಕ್ಕೆ ಸೇರಿಸಿದ್ದೀರಿ. ವಿಮೆ ಇಲ್ಲದೆ ಸಾಲ ಮಂಜೂರಾಗುವುದಿಲ್ಲ ಎಂದು ತಮ್ಮ ಶಾಖೆಯಲ್ಲಿ ಹೇಳಿದ್ದರಿಂದ ಸಹಿ ಮಾಡಿದ್ದೇವೆ. ಸಾಲ 15 ವರ್ಷದ್ದು, ವಿಮೆ 5 ವರ್ಷದ್ದು. ನನ್ನ ಆರು ವರ್ಷದ ಸಕ್ಕರೆ ಕಾಯಿಲೆಯ ಬಗ್ಗೆ ಯಾರೂ ಕೇಳಿಲ್ಲ. ಸರ್ಟಿಫಿಕೇಟ್ ನಮಗೆ ತಲುಪಿದ್ದು ಇಂಥ ದಿನ. ಈ ವಿಮೆಯನ್ನು ರದ್ದು ಮಾಡಿ, ಹಣವನ್ನು ಕಡಿದ ದಿನದಿಂದ ಅದರ ಮೇಲೆ ಹಾಕಿದ ಬಡ್ಡಿ ಸಹಿತ ಸಾಲದ ಖಾತೆಗೆ ಜಮಾ ಮಾಡಬೇಕು.'

ಕೆಳಗೆ ಯಜಮಾನರ ಸಹಿ, ದಿನಾಂಕ. ವಿಮೆ ಅವರ ಹೆಸರಿನಲ್ಲಿ ಇರುವುದರಿಂದ ಅವರದ್ದೇ ಸಹಿ ಬೇಕು. ಸಿಬ್ಬಂದಿಯ ಮೇಲೆ ಬೈಗುಳ ಬೇಡ. ಆ ದಿನ ಮೇಜಿನ ಬಳಿ ಯಾರಿದ್ದರು, ಏನು ಹೇಳಿದರು ಅನ್ನುವುದನ್ನು ಮಾತ್ರ ನಿಮ್ಮ ಪುಸ್ತಕದಲ್ಲಿ ಈಗಲೇ ಬರೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಮಾತು ಮರೆತುಹೋಗುತ್ತದೆ.

ಶುಗರ್ ವಿಷಯ ನಾವೇ ಬರೆದರೆ ಕಂಪನಿ ನಮ್ಮ ಮೇಲೆಯೇ ತಿರುಗಿ ಬೀಳುತ್ತದಾ ಅಂತ ನಿಮಗೆ ಅನ್ನಿಸಬಹುದು. ಕಂಪನಿ ಪಾಲಿಸಿ ರದ್ದು ಮಾಡಬಹುದು, ಅಥವಾ ಹೆಚ್ಚು ಪ್ರೀಮಿಯಂ ಕೇಳಬಹುದು. ನಿಮಗೆ ಬೇಕಾದ್ದು ರದ್ದೇ ಆದ್ದರಿಂದ ಭಯ ಇಲ್ಲ. ವಿಮೆ ಉಳಿಸಿಕೊಳ್ಳುವವರಿಗೂ ನಾನು ಇದನ್ನೇ ಹೇಳುತ್ತೇನೆ. ಸತ್ಯವನ್ನು ಈಗಲೇ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಆಮೇಲೆ ಹೆಂಡತಿ ಮಕ್ಕಳು ಕೋರ್ಟು ಅಲೆಯುವುದು ತಪ್ಪುತ್ತದೆ.

30 ದಿನ ಕಾಯಿರಿ. ಬ್ಯಾಂಕು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ, ಅವರ ಹತ್ತಿರ ಹೋಗಿ. 2021ರ ನವೆಂಬರಿನಿಂದ ಇಡೀ ದೇಶಕ್ಕೆ ಒಂದೇ ಬಾಗಿಲು. ಆನ್‌ಲೈನಿನಲ್ಲಿ ಹಾಕಬಹುದು. ಆಗದಿದ್ದರೆ ಚಂಡೀಗಢದ ರಿಸರ್ವ್ ಬ್ಯಾಂಕ್ ಕೇಂದ್ರಕ್ಕೆ ಅಂಚೆಯಲ್ಲಿ ಕನ್ನಡದಲ್ಲೇ ಬರೆದು ಕಳಿಸಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಹಣ ಕೊಡಬೇಕಿಲ್ಲ. ವಕೀಲರ ಮೂಲಕ ಹಾಕುವಂತಿಲ್ಲ, ನೀವೇ ಹಾಕಬೇಕು. 30 ದಿನ ಮುಗಿದ ಮೇಲೆ ಸುಮ್ನೆ ದಿನ ತಳ್ಳಬೇಡಿ, ಅದಕ್ಕೂ ಗಡುವು ಇದೆ.

ವಿಮಾ ಕಂಪನಿಗೆ ಬರೆದ ದೂರನ್ನು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿ. ಅವರ ಉಚಿತ ಫೋನ್ 155255. ಅಲ್ಲಿ ದಾಖಲಾದರೆ ಕಂಪನಿ ಬೇಗ ಎಚ್ಚರಾಗುತ್ತದೆ. ಒಂದು ತಿಂಗಳಾದರೂ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ. 50 ಲಕ್ಷದವರೆಗಿನ ವಿಷಯ ಕೇಳುತ್ತಾರೆ. ಇಲ್ಲೂ ಶುಲ್ಕ ಇಲ್ಲ, ವಕೀಲರು ಬೇಡ. ಕಂಪನಿ ದೂರು ತಿರಸ್ಕರಿಸಿ ಒಂದು ವರ್ಷದೊಳಗೆ ಹೋಗಬೇಕು. ವಿಚಾರಣೆ ವಿಡಿಯೊ ಮೂಲಕವೂ ನಡೆಯುತ್ತದೆ, ಬಸ್ಸು ಹತ್ತಿ ಬೆಂಗಳೂರಿಗೆ ಹೋಗಲೇಬೇಕು ಅಂತಿಲ್ಲ. ಅವರು ಕೊಟ್ಟ ತೀರ್ಪಿಗೆ ಕಂಪನಿ ಬದ್ಧ. ನಿಮಗೆ ಒಪ್ಪಿಗೆಯಾಗದಿದ್ದರೆ ನೀವು ಮುಂದೆ ಹೋಗಬಹುದು.

ಈ ಎರಡೂ ಕಡೆ ಸೋಲುವ ಸಾಧ್ಯತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. 'ಒಪ್ಪಿಗೆಯ ಸಹಿ ಇದೆ' ಅಂತ ಬ್ಯಾಂಕು ತೋರಿಸಿದರೆ, ಬಾಯಿ ಮಾತಿನ ಒತ್ತಾಯಕ್ಕೆ ಸಾಕ್ಷಿ ಇಲ್ಲ ಅಂತ ದೂರು ಮುಗಿಸಿಬಿಡಬಹುದು. ಅದಕ್ಕೇ ನಾನು ಒತ್ತಾಯದ ಮಾತಿಗಿಂತ 5 ವರ್ಷ ಮತ್ತು 15 ವರ್ಷದ ವ್ಯತ್ಯಾಸ, ಖಾಲಿ ಚೌಕ, ತಡವಾಗಿ ಬಂದ ಸರ್ಟಿಫಿಕೇಟು, ಇವುಗಳ ಮೇಲೆ ಭಾರ ಹಾಕುವುದು. ಅವು ಕಾಗದದಲ್ಲೇ ಇವೆ. ಯಾರೂ ಅಲ್ಲಗಳೆಯಲು ಆಗದು.

ಕೊನೆಯ ಬಾಗಿಲು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕುವ ಹಕ್ಕನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಕೊಟ್ಟಿದೆ. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿರಲಿ ಎಲ್ಲೇ ಇರಲಿ, ಅವರೇ ಕಾರವಾರಕ್ಕೆ ಬರಬೇಕು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಬ್ಯಾಂಕು, ಕಂಪನಿ ಇಬ್ಬರನ್ನೂ ಒಟ್ಟಿಗೆ ಎಳೆಯಬಹುದು ಅನ್ನುವುದು ಇದರ ಅನುಕೂಲ. ಸಮಯ ಜಾಸ್ತಿ ಹಿಡಿಯುತ್ತದೆ ಅನ್ನುವುದು ತೊಂದರೆ. ಒಂದೇ ವಿಷಯವನ್ನು ಓಂಬುಡ್ಸ್‌ಮನ್ ಹತ್ತಿರವೂ ಆಯೋಗದಲ್ಲೂ ಒಟ್ಟಿಗೆ ಹಾಕಬೇಡಿ. ಆಯೋಗದಲ್ಲಿ ಕೇಸಿದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಆಯೋಗಕ್ಕೆ ಹೋಗುವ ಮೊದಲೇ ರಾಜಿಯಲ್ಲಿ ಬಗೆಹರಿಸಲು ನೋಡುತ್ತಾರೆ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ನಿಮ್ಮ ಸಾಲ ಸಹಕಾರಿ ಸಂಘದ್ದೋ ಸೌಹಾರ್ದದ್ದೋ ಆಗಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ನಿಮಗೆ ಸಿಗುವುದಿಲ್ಲ. ವಿಮಾ ಓಂಬುಡ್ಸ್‌ಮನ್ ಮತ್ತು ಗ್ರಾಹಕರ ಆಯೋಗ ಸಿಗುತ್ತವೆ. ಇನ್ನು ಸಾಲವನ್ನು ಅವಧಿಗೆ ಮೊದಲೇ ತೀರಿಸಿದವರು, ಬೇರೆ ಬ್ಯಾಂಕಿಗೆ ವರ್ಗಾಯಿಸಿದವರು ವಿಮೆಯ ಕಾಗದವನ್ನು ಒಮ್ಮೆ ತೆಗೆದು ನೋಡಿ. ಒಂದೇ ಸಲ ಕಟ್ಟಿದ ಪ್ರೀಮಿಯಮ್ಮಿನಲ್ಲಿ ಉಳಿದ ಅವಧಿಯ ಪಾಲು ಎಷ್ಟೋ ಪಾಲಿಸಿಗಳಲ್ಲಿ ವಾಪಸ್ ಬರುತ್ತದೆ. ಕೇಳಿದರೆ ಮಾತ್ರ ಬರುತ್ತದೆ, ತಾನಾಗಿ ಬರುವುದಿಲ್ಲ.

ತಂಗಿ, ನಿಮ್ಮ ಕೊನೆಯ ಪ್ರಶ್ನೆ ಉಳಿದಿದೆ. ದೂರು ಕೊಟ್ಟರೆ ಸಂಘದ ಖಾತೆಗೆ ತೊಂದರೆ ಮಾಡುತ್ತಾರಾ, ಮ್ಯಾನೇಜರ್ ಮುಖ ನೋಡುವುದು ಹೇಗೆ? ನಿಮ್ಮ ಮನೆ ಸಾಲದ ದೂರಿಗೂ ಸಂಘದ ಖಾತೆಗೂ ಸಂಬಂಧ ಇಲ್ಲ. ದೂರು ಕೊಟ್ಟಿದ್ದಕ್ಕೆ ಸಾಲ ಹಿಂದಕ್ಕೆ ಕೇಳುವಂತಿಲ್ಲ, ಬಡ್ಡಿ ಏರಿಸುವಂತಿಲ್ಲ. ಲಿಖಿತ ದೂರು ಮೇಲಿನ ಕಚೇರಿಯ ಲೆಕ್ಕಕ್ಕೆ ಹೋದ ಮೇಲೆ ಬ್ರಾಂಚಿನವರು ಇನ್ನೂ ಜಾಗ್ರತೆಯಿಂದಲೇ ನಡೆದುಕೊಳ್ಳುತ್ತಾರೆ, ಇದು ನಾನು ಒಳಗಿದ್ದು ಕಂಡದ್ದು. ಒಬ್ಬರೇ ಹೋಗಲು ಮುಜುಗರ ಆದರೆ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರಲ್ಲೂ ಯಾರಿಗಾದರೂ ಸಾಲದ ಜೊತೆ ಹೀಗೇ ವಿಮೆ ಕಟ್ಟಿದ್ದಾರಾ ಅಂತ ಕೇಳಿ ನೋಡಿ.

ಬೆಳಿಗ್ಗೆ ರಶ್ಶಿನಲ್ಲಿ ಹೋಗಬೇಡಿ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋಗಿ. ಪತ್ರದ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. 'ಇಟ್ಟು ಹೋಗಿ, ನೋಡ್ತೇವೆ' ಅಂದರೆ ಇಟ್ಟು ಬರಬೇಡಿ. ಸೀಲು ಹಾಕದಿದ್ದರೆ ಜಗಳವೂ ಬೇಡ. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಬ್ರಾಂಚಿಗೊಂದು, ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೊಂದು, ವಿಮಾ ಕಂಪನಿಗೊಂದು ಸ್ಪೀಡ್ ಪೋಸ್ಟ್ ಮಾಡಿ. ಮೂರು ರಸೀದಿಯನ್ನೂ ಪತ್ರದ ನಕಲಿಗೆ ಪಿನ್ ಮಾಡಿ ಇಡಿ. ಪಿಡಿಎಫ್ ಬಂದ ದಿನದಿಂದ ನಿಮಗಿರುವುದು 30 ದಿನ. ಅದರಲ್ಲಿ ಒಂದು ವಾರ ಆಗಲೇ ಕಳೆದಿದೆ. ಸೋಮವಾರವೇ ಹೋಗಿ.